ಕಾರುಗಳ ಅರ್ಹತಾ ತಪಾಸಣೆ

ರಸ್ತೆಯಲ್ಲಿ ಓಡುವ ವಾಹನದ ಬ್ರೇಕು, ಸ್ಟೇರಿಂಗು, ಟೈರು, ದೀಪ, ಹೊಗೆ ಮೊದಲಾದವು ಸುರಕ್ಷಿತ ಸ್ಥಿತಿಯಲ್ಲಿವೆಯೇ ಎಂದು ಸರ್ಕಾರ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರ ಗೊತ್ತಾದ ಅವಧಿಗೊಮ್ಮೆ ನಡೆಸುವ ಕಡ್ಡಾಯ ಪರೀಕ್ಷೆ. ಕರ್ನಾಟಕದಲ್ಲಿ ಇದಕ್ಕೆ ‘ಎಫ್‌ಸಿ (ಅರ್ಹತಾ ಪತ್ರ) ಮಾಡಿಸುವುದು’ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ‘ಪಾಸಿಂಗ್’. ಪರೀಕ್ಷೆ ಬೇಕೆಂಬುದನ್ನು ಹೆಚ್ಚಿನ ದೇಶಗಳು ಪ್ರಶ್ನಿಸಿಲ್ಲ. ಎಷ್ಟು ವರ್ಷಕ್ಕೊಮ್ಮೆ ಎಂಬಲ್ಲಿ ಮಾತ್ರ ದೇಶಕ್ಕೊಂದು ಲೆಕ್ಕ.

ಭಾರತದ ಲೆಕ್ಕ ನಂಬರ್ ಪ್ಲೇಟಿನ ಬಣ್ಣದ ಮೇಲೆ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಡಿಗೆಗೆ ಓಡುವ ಯೆಲ್ಲೋ ಬೋರ್ಡ್ ವಾಹನಕ್ಕೆ ಎಫ್‌ಸಿ ಇಲ್ಲದಿದ್ದರೆ ಅದರ ನೋಂದಣಿಯೇ ಊರ್ಜಿತವಲ್ಲ. ಹೊಸ ವಾಹನಕ್ಕೆ ಸಿಗುವ ಮೊದಲ ಎಫ್‌ಸಿ ಎರಡು ವರ್ಷದ್ದು. 2018ರಲ್ಲಿ ತಿದ್ದಿದ ನಿಯಮದಂತೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನವೀಕರಣ. ಸ್ವಂತ ಬಳಕೆಯ ವೈಟ್ ಬೋರ್ಡ್ ಕಾರಿನ ದಾರಿಯೇ ಬೇರೆ. 41ನೇ ಕಲಮಿನಂತೆ ಅದರ ನೋಂದಣಿ 15 ವರ್ಷ ಊರ್ಜಿತ. ಅದು ಮುಗಿದ ಮೇಲೆ ಆರ್‌ಟಿಒ ಮುಂದೆ ನಿಲ್ಲಿಸಿ ಪಾಸಾದರೆ ಐದೈದು ವರ್ಷಕ್ಕೆ ವಿಸ್ತರಣೆ. ಅಂದರೆ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಎರಡು ಕಾರುಗಳಲ್ಲಿ ಟ್ಯಾಕ್ಸಿಯಾದದ್ದು 15 ವರ್ಷದೊಳಗೆ ಸುಮಾರು ಹತ್ತು ಬಾರಿ ಬ್ರೇಕ್ ಇನ್‌ಸ್ಪೆಕ್ಟರ್ ಕೈಗೆ ಬರುತ್ತದೆ, ಮನೆಯ ಕಾರಾದದ್ದು ಒಮ್ಮೆಯೂ ಬರುವುದಿಲ್ಲ.

ದೇಶದೇಶಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುವ ಜಾಗಗಳಲ್ಲಿ ಶೇಂದ್ರಾ ಒಂದು. ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಪೂರ್ವಕ್ಕೆ, ಜಾಲ್ನಾ ರಸ್ತೆಯಲ್ಲಿರುವ ಈ ಕೈಗಾರಿಕಾ ಪ್ರದೇಶದಲ್ಲಿ ಚೆಕ್ ದೇಶದ ಸ್ಕೋಡಾ ಕಂಪನಿ 2001ರಲ್ಲಿ ಆಕ್ಟೇವಿಯಾ ಕಾರಿನ ಜೋಡಣೆ ಆರಂಭಿಸಿತು. ನಂತರ ಅಲ್ಲಿಯೇ ಆಡಿ ಕಾರುಗಳೂ ಸಿದ್ಧವಾದವು. ಚೆಕ್ ಗಣರಾಜ್ಯದ ಇಂದಿನ ನಿಯಮದಲ್ಲಿ ಹೊಸ ಕಾರಿಗೆ ನಾಲ್ಕು ವರ್ಷಕ್ಕೆ ಮೊದಲ ಪರೀಕ್ಷೆ, ಬಳಿಕ ಎರಡು ವರ್ಷಕ್ಕೊಮ್ಮೆ. ಅಲ್ಲಿನ ಆಕ್ಟೇವಿಯಾ 15 ವರ್ಷ ತುಂಬುವುದರೊಳಗೆ ಆರು ಸಲ ಪರೀಕ್ಷೆಗೆ ನಿಂತಿರುತ್ತದೆ. ಶೇಂದ್ರಾದಲ್ಲಿ ಜೋಡಣೆಯಾಗಿ ಮರಾಠವಾಡದ ಧೂಳು, ಬಿಸಿಲು, ಗುಂಡಿಗಳನ್ನು ಕಂಡ ಅದೇ ಕಾರು ಸೊನ್ನೆ ಸಲ. ರಸ್ತೆ ಒರಟಾಗಿರುವಲ್ಲಿ ಪರೀಕ್ಷೆ ಕಡಿಮೆ, ನಯವಾಗಿರುವಲ್ಲಿ ಹೆಚ್ಚು ಎಂಬುದು ವಿಚಿತ್ರವಾದರೂ ವಸ್ತುಸ್ಥಿತಿ.

ಈ 15 ವರ್ಷವೂ ಸರ್ಕಾರ ಪೂರ್ತಿ ಕಣ್ಣುಮುಚ್ಚಿ ಕೂತಿರುವುದಿಲ್ಲ ಎನ್ನಲು ಒಂದು ಆಧಾರವಿದೆ, ಎಮಿಷನ್ ಟೆಸ್ಟ್. ಮಹಾರಾಷ್ಟ್ರದವರ ಬಾಯಲ್ಲಿ ಇದು ಪಿಯುಸಿ. ಮೊದಲ ವರ್ಷ ವಿನಾಯಿತಿ, ಆಮೇಲೆ ಆರು ತಿಂಗಳಿಗೊಮ್ಮೆ. ಬಿಎಸ್-4 ಮತ್ತು ಬಿಎಸ್-6 ಹೊಗೆ ಮಾನದಂಡದ ವಾಹನಗಳಿಗೆ ವರ್ಷಕ್ಕೊಮ್ಮೆ. ಪತ್ರವಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಬಳಿಕ ದಂಡ ₹10,000ದವರೆಗೆ. ಹಳೆಯ ಡೀಸೆಲ್ ಆಕ್ಟೇವಿಯಾದ ಲೆಕ್ಕ ತೆಗೆದರೆ ಎರಡನೇ ವರ್ಷದಿಂದ ಹದಿನೈದನೆಯದರವರೆಗೆ 28 ಬಾರಿ ಹೊಗೆಯ ಪರೀಕ್ಷೆ, ಬ್ರೇಕಿನದು ಒಂದೂ ಇಲ್ಲ. ಸೈಲೆನ್ಸರ್ ಕೊಳವೆಗೆ ನಳಿಕೆ ತೂರಿಸಿ, ಆಕ್ಸಿಲರೇಟರ್ ಒತ್ತಿಸಿ, ಹೊಗೆಯ ದಟ್ಟಣೆ ಓದಿ, ನಂಬರ್ ಪ್ಲೇಟಿನ ಫೋಟೊ ಹಿಡಿದು ಚೀಟಿ ಕೊಡುವ ಪೆಟ್ರೋಲ್ ಬಂಕ್ ಪಕ್ಕದ ವ್ಯಾನಿಗೆ ಟೈರ್ ಸವೆದಿರುವುದನ್ನು ನೋಡುವ ಕೆಲಸವಿಲ್ಲ.

ಪೂರ್ಣ ತಪಾಸಣೆ ಹೇಗಿರುತ್ತದೆಂಬುದನ್ನು ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಲ್ಲಿ ಕಾಣಬಹುದು. ಕೇಂದ್ರ ಸಾರಿಗೆ ಸಚಿವಾಲಯ ಮಾದರಿಯಾಗಿ ಮಂಜೂರು ಮಾಡಿದ ಮೊದಲ ಕೆಲವು ಕೇಂದ್ರಗಳಲ್ಲಿ ಮಹಾರಾಷ್ಟ್ರದ ನಾಶಿಕ್, ಕರ್ನಾಟಕದ ನೆಲಮಂಗಲ ಸೇರಿವೆ. ಮುಂದಿನ ಎರಡು ಚಕ್ರಗಳನ್ನು ನೆಲಮಟ್ಟದಲ್ಲಿ ಹುದುಗಿಸಿದ ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ರೋಲರು ಚಕ್ರವನ್ನು ತಿರುಗಿಸುತ್ತದೆ, ಚಾಲಕ ಬ್ರೇಕ್ ಒತ್ತುತ್ತಾನೆ, ಎಡಬಲ ಚಕ್ರಗಳ ಹಿಡಿತ ಪರದೆಯ ಮೇಲೆ ಬೇರೆ ಬೇರೆಯಾಗಿ ಮೂಡುತ್ತದೆ. ಎರಡರ ನಡುವೆ ಅಂತರ ಹೆಚ್ಚಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಂದೇ ಅರ್ಥ. ದಿನವೂ ಓಡಿಸುವವನಿಗೆ ಈ ದೋಷ ನಿಧಾನವಾಗಿ ರೂಢಿಯಾಗಿಬಿಟ್ಟಿರುತ್ತದೆ, ಯಂತ್ರಕ್ಕೆ ರೂಢಿಯ ಹಂಗಿಲ್ಲ. ಮುಂದೆ ಹೆಡ್‌ಲೈಟ್ ಬೀಳುವ ಕೋನ, ಸಸ್ಪೆನ್ಷನ್, ಸೈಡ್ ಸ್ಲಿಪ್, ಹೊಗೆ. ಕೊನೆಗೆ ಕೆಳಗಿನ ಗುಂಡಿಯಲ್ಲಿ ನಿಂತು ಕೀಲುಗಳ ಸಡಿಲವನ್ನೂ ತುಕ್ಕನ್ನೂ ನೋಡುವುದು. ಫಲಿತಾಂಶ ನೇರ ಸರ್ಕಾರದ ‘ವಾಹನ್’ ದತ್ತಾಂಶಕ್ಕೆ ಹೋಗುತ್ತದೆ. ಈ ಕೇಂದ್ರಗಳ ಮಾನ್ಯತೆಗೆ ನಿಯಮ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಇವುಗಳ ಮೂಲಕವೇ ಎಫ್‌ಸಿ ಎಂಬ ಗಡುವು ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ಕೇಂದ್ರವಿಲ್ಲದ ಊರುಗಳಲ್ಲಿ ಇನ್‌ಸ್ಪೆಕ್ಟರ್ ಕಣ್ಣಳತೆಯೇ ಗತಿ. ಆರ್‌ಟಿಒಗಳಲ್ಲಿ 250 ಮೀಟರ್ ಉದ್ದದ ಬ್ರೇಕ್ ಪರೀಕ್ಷಾ ಪಥ ಇರಲೇಬೇಕೆಂದು ಬಾಂಬೆ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಪಟ್ಟು ಹಿಡಿಯಬೇಕಾಗಿ ಬಂದದ್ದು ಇದೇ ಹಿನ್ನೆಲೆಯಲ್ಲಿ.

ಬೇರೆಡೆಯ ಅವಧಿಗಳು ಒಂದೇ ಸಲ ನಿಗದಿಯಾದವಲ್ಲ. ಬ್ರಿಟನ್ನಿನ ಎಂಒಟಿ ಪರೀಕ್ಷೆ 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆಂದು ಹುಟ್ಟಿ, ಮರುವರ್ಷವೇ ಏಳು ವರ್ಷಕ್ಕೆ, 1967ರಲ್ಲಿ ಮೂರು ವರ್ಷಕ್ಕೆ ಇಳಿಯಿತು. ಆಮೇಲೆ ಪ್ರತಿ ವರ್ಷ. ಜರ್ಮನಿ, ಜಪಾನ್‌ಗಳಲ್ಲಿ ಮೊದಲು ಮೂರು, ಬಳಿಕ ಎರಡು ವರ್ಷ. ಐರೋಪ್ಯ ಒಕ್ಕೂಟ 2014ರಲ್ಲಿ ನಾಲ್ಕು–ಎರಡು–ಎರಡು ಎಂಬ ಕನಿಷ್ಠ ಮಿತಿ ಹಾಕಿತು. ಹತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಪರೀಕ್ಷೆ ಬೇಕೆಂದು 2025ರ ಏಪ್ರಿಲ್‌ನಲ್ಲಿ ಅದರ ಆಯೋಗ ಪ್ರಸ್ತಾವ ಮುಂದಿಟ್ಟಿತು. ಎದುರು ದಿಕ್ಕಿಗೆ ನಡೆದವರೂ ಇದ್ದಾರೆ. ಹಳೆಯ ಕಾರುಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿದ್ದ ನ್ಯೂಜಿಲೆಂಡ್, 2000ದ ನಂತರ ನೋಂದಣಿಯಾದ ಕಾರುಗಳಿಗೆ 2014ರಲ್ಲಿ ಅದನ್ನು ವರ್ಷಕ್ಕೊಮ್ಮೆ ಮಾಡಿತು. ಅಮೆರಿಕದ ಟೆಕ್ಸಸ್ ರಾಜ್ಯ 2025ರ ಜನವರಿ 1ರಿಂದ ಸ್ವಂತ ವಾಹನಗಳ ಸುರಕ್ಷತಾ ಪರೀಕ್ಷೆಯನ್ನೇ ಕೈಬಿಟ್ಟಿತು.

ಪರೀಕ್ಷೆ ವಿರೋಧಿಸುವವರು ಸಾಮಾನ್ಯವಾಗಿ ಮುಂದೊಡ್ಡುವುದು ನಾರ್ವೆಯ ಅಧ್ಯಯನವನ್ನು. ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮೂರು ಗುಂಪು ಮಾಡಿ, ಒಂದನ್ನು ಮೂರು ವರ್ಷ ಪ್ರತಿ ವರ್ಷ, ಒಂದನ್ನು ಒಮ್ಮೆ ಮಾತ್ರ ಪರೀಕ್ಷಿಸಿ, ಒಂದನ್ನು ಹಾಗೇ ಬಿಟ್ಟರು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಪಘಾತದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದು ತಳ್ಳಿಹಾಕುವ ಮಾತಲ್ಲ. ಒಂದು ವರ್ಷವೋ ಎರಡೋ ಎಂಬ ಜಗ್ಗಾಟದಲ್ಲಿ ಹೆಚ್ಚಿನ ಹುರುಳಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಆದರೆ ಅಲ್ಲಿ ಪರೀಕ್ಷೆಯಿಲ್ಲದೆ ಬಿಟ್ಟದ್ದು ಮೂರು ವರ್ಷ, ಹದಿನೈದಲ್ಲ. ಭಾರತದ ವೈಟ್ ಬೋರ್ಡ್ ವಿನಾಯಿತಿಗೆ ಅದನ್ನು ಆಧಾರ ಮಾಡಿಕೊಳ್ಳಲಾಗದು.

ವರ್ಷಕ್ಕಿಂತ ಕಿಲೋಮೀಟರೇ ಸರಿಯಾದ ಅಳತೆ ಎಂಬ ವಾದವೂ ಇದೆ. ಬ್ರೇಕ್ ಪ್ಯಾಡಿನ ಮಟ್ಟಿಗೆ ಅದು ನಿಜ. ಬ್ರೇಕ್ ಆಯಿಲ್ ಮಾತ್ರ ನಿಂತಲ್ಲೇ ತೇವ ಹೀರುತ್ತದೆ, ಟೈರಿನ ರಬ್ಬರು ಶೆಡ್ಡಿನಲ್ಲೇ ಬಿರಿಯುತ್ತದೆ. ಹಬ್ಬಕ್ಕೊಮ್ಮೆ ಊರಿಗೆ ತೆಗೆಯುವ ಕಾರು ಕಡಿಮೆ ಓಡಿದೆ ಎಂಬ ಕಾರಣಕ್ಕೆ ಗಟ್ಟಿಯೆಂದು ನಂಬುವಂತಿಲ್ಲ. ಶೇಂದ್ರಾ ಸಮೀಪವೇ ಹಾದುಹೋಗುವ 701 ಕಿಲೋಮೀಟರಿನ ಮುಂಬೈ–ನಾಗಪುರ ಸಮೃದ್ಧಿ ಹೆದ್ದಾರಿಯ ಮೊದಲ ಹಂತ 2022ರ ಡಿಸೆಂಬರ್ 11ರಂದು ತೆರೆದ ಬಳಿಕ ಇದು ಬಯಲಾಯಿತು. ಕಾರುಗಳಿಗೆ ಗಂಟೆಗೆ 120 ಕಿಲೋಮೀಟರ್ ವೇಗ, ಬಿಸಿ ಕಾಂಕ್ರೀಟು, ತಿರುವಿಲ್ಲದ ಓಟ. ಟೈರ್ ಸಿಡಿತದ ಅಪಘಾತಗಳು ಸುದ್ದಿಯಾಗಿ, ಪ್ರವೇಶದ್ವಾರಗಳಲ್ಲೇ ಆರ್‌ಟಿಒ ಸಿಬ್ಬಂದಿ ಟೈರ್ ನೋಡಿ ಸವೆದವನ್ನು ವಾಪಸು ಕಳಿಸುವ ಅಭಿಯಾನ ನಡೆಸಿದರು. ಕಾರಿನ ಟೈರಿನ ಗೀರಿಗೆ ನಿಯಮ ಹೇಳುವ ಕನಿಷ್ಠ ಆಳ 1.6 ಮಿಲಿಮೀಟರ್. 15 ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಟೋಲ್ ಬಳಿ ಕೇಳಬೇಕಾಯಿತು.

ಇನ್ನು ಖರ್ಚಿನ ಮಾತು. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ 1ರಿಂದ ₹600ರಿಂದ ₹5,000ಕ್ಕೆ, 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ₹10,000ಕ್ಕೆ ಏರಿತು. ಇದರ ಮೇಲೆ ಕರ್ನಾಟಕದಲ್ಲಿ ಹಸಿರು ತೆರಿಗೆ, ಮಹಾರಾಷ್ಟ್ರದಲ್ಲಿ ಪರ್ಯಾವರಣ ಕರ. ರಾಜ್ಯ ದಾಟಿ ಹೋಗುವವರ ವಿಷಯಕ್ಕೆ ಬಂದರೆ, ಎಫ್‌ಸಿ ದೇಶಾದ್ಯಂತ ಊರ್ಜಿತವಾದ್ದರಿಂದ ಶಿರಡಿ, ಎಲ್ಲೋರಾಗಳಿಗೆ ಹೋಗುವ ಕೆಎ ನೋಂದಣಿಯ ಟೆಂಪೊ ಟ್ರಾವೆಲರ್ ಮತ್ತೆ ಪಾಸಿಂಗ್ ಮಾಡಿಸಬೇಕಿಲ್ಲ. ಬೀದರ್, ಕಲಬುರಗಿಗಳಿಂದ ನೌಕರಿಗೆಂದು ಬಂದು ಶೇಂದ್ರಾದ ಆಸುಪಾಸಿನಲ್ಲಿ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವರು ಮಾತ್ರ ತಮ್ಮ ಆರ್‌ಟಿಒದಿಂದ ಎನ್‌ಒಸಿ ತಂದು ಎಂಎಚ್ 20 ಸಂಖ್ಯೆ ಪಡೆಯಬೇಕು.