ಯುದ್ಧಕಾಲದ ಲೈಂಗಿಕ ಹಿಂಸೆ, ಅಂತರರಾಷ್ಟ್ರೀಯ ನ್ಯಾಯ ಮತ್ತು ಬೆಂಗಳೂರು

ಯುದ್ಧದಲ್ಲಾಗಲಿ, ಸೇನೆಯೇ ಆಳುವ ನೆಲದಲ್ಲಾಗಲಿ ಸೈನಿಕರ ಲೈಂಗಿಕ ಹಿಂಸೆಗೆ ಗುರಿಯಾದ ಹೆಂಗಸರು, ತಮ್ಮ ದೇಶದ ಕೋರ್ಟುಗಳು ಬಾಗಿಲು ಮುಚ್ಚಿದಾಗ ಗಡಿಯಾಚೆ ನ್ಯಾಯ ಕೇಳಿದ ಪ್ರಯತ್ನಗಳು ಈ ಲೇಖನದ ವಿಷಯ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಟೋಕಿಯೊ, ಅರುಷಾ, ಹೇಗ್ ನಗರಗಳ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ಬೆಂಗಳೂರಿನ ಹೆಸರು ಬರುವುದು ಅಪರೂಪ, ಬಂದರೂ ಗೊಂದಲದೊಂದಿಗೆ ಬರುತ್ತದೆ. ಟೋಕಿಯೊದಲ್ಲಿ 1994ರಲ್ಲಿ ಒಂದು, 2000ದಲ್ಲಿ ಇನ್ನೊಂದು ಮಹಿಳಾ ವಿಚಾರಣೆ ನಡೆದಿದ್ದು, ಎರಡನೆಯದರ ಪ್ರಸಿದ್ಧಿಯಲ್ಲಿ ಮೊದಲನೆಯದೂ ಅದರ ಬೆಂಗಳೂರು ಮೂಲವೂ ಮರೆಗೆ ಸರಿದಿವೆ. ಇತ್ತೀಚಿನ ಗೊಂದಲ ಮಾರತ್ತಹಳ್ಳಿ ಆಸುಪಾಸಿನದು. ಅಲ್ಲಿ ಶೆಡ್ಡುಗಳಲ್ಲಿ ಬದುಕುವ ವಲಸೆ ಕೂಲಿಗಳನ್ನು, ಬಾಂಗ್ಲಾದೇಶಿಗಳನ್ನು, ಮ್ಯಾನ್ಮಾರ್ ಸೇನೆಯಿಂದ ತಪ್ಪಿಸಿಕೊಂಡು ಬಂದ ರೋಹಿಂಗ್ಯಾಗಳನ್ನು ಒಂದೇ ಮಾತಿನಲ್ಲಿ ಸುತ್ತಿಬಿಡುವ ರೂಢಿ ಬೆಳೆದಿದೆ.

ದಂಡಿನ ಹಿನ್ನೆಲೆ

1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ಬೆಂಗಳೂರು ದಂಡು ಸೇನಾ ಆಡಳಿತದ ಊರಾಗಿತ್ತು. 1864ರ ದಂಡು ಪ್ರದೇಶಗಳ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಬ್ರಿಟಿಷ್ ಭಾರತದ ದಂಡುಗಳಲ್ಲಿ ಸಿಪಾಯಿಗಳ ಬಳಿಗೆ ಹೋಗುವ ಹೆಂಗಸರ ಹೆಸರು ಪಟ್ಟಿಗೆ ಸೇರುತ್ತಿತ್ತು. ದೇಹ ತಪಾಸಣೆ ಕಡ್ಡಾಯವಾಗಿತ್ತು. ಲೈಂಗಿಕ ರೋಗ ಕಂಡರೆ ಹೆಂಗಸರನ್ನು ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರಿನಲ್ಲೂ ಅಂಥ ಆಸ್ಪತ್ರೆಯಿತ್ತು. ಇಂಗ್ಲೆಂಡಿನ ಜೋಸೆಫೀನ್ ಬಟ್ಲರ್ ಮತ್ತು ಸಂಗಡಿಗರ ಹೋರಾಟದಿಂದಾಗಿ 1888ರಲ್ಲಿ ಎರಡನೆಯ ಕಾಯ್ದೆ ರದ್ದಾಯಿತು. ಇದು ಯುದ್ಧಕಾಲದ ಅಪರಾಧವಲ್ಲ. ಆದರೂ ಹೆಣ್ಣಿನ ದೇಹವನ್ನು ಪಡೆಯ ಸರಬರಾಜಿನಂತೆ ಲೆಕ್ಕಕ್ಕೆ ಹಚ್ಚುವ ಕಡತ ಪದ್ಧತಿ ಮುಂದೆ ಜಪಾನಿ ಸೇನೆಯ 'ಕಂಫರ್ಟ್ ಸ್ಟೇಷನ್' ಎಂಬ ಲೈಂಗಿಕ ಗುಲಾಮಗಿರಿಯ ಬಿಡಾರಗಳಲ್ಲಿ ಎಷ್ಟು ಕ್ರೂರ ರೂಪ ತಾಳಿತೆಂಬುದನ್ನು ಓದುವಾಗ ಈ ಹಿನ್ನೆಲೆ ನೆನಪಿರಬೇಕು.

ಕಾನೂನಿನ ಹಾದಿ

1946–48ರ ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ನಾನ್‌ಕಿಂಗ್‌ನಲ್ಲಿ ಜಪಾನಿ ಸೈನಿಕರು ಎಸಗಿದ ಅತ್ಯಾಚಾರಗಳು ದಾಖಲಾದವು. ಸೇನೆ ನಡೆಸಿದ ಲೈಂಗಿಕ ಗುಲಾಮಗಿರಿ ಮಾತ್ರ ಪ್ರತ್ಯೇಕ ಆರೋಪವಾಗಿ ಬರಲಿಲ್ಲ. 1948ರಲ್ಲಿ ಬಟಾವಿಯಾದ ಡಚ್ ಸೇನಾ ನ್ಯಾಯಾಲಯ ಕೆಲವು ಜಪಾನಿ ಅಧಿಕಾರಿಗಳನ್ನು ಶಿಕ್ಷಿಸಿತು. ಆ ಮೊಕದ್ದಮೆಯ ಕೇಂದ್ರದಲ್ಲಿ ಇದ್ದವರು ಡಚ್ ಹೆಂಗಸರು. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 27ನೇ ವಿಧಿ ಅತ್ಯಾಚಾರವನ್ನು ಹೆಣ್ಣಿನ 'ಮಾನ'ದ ಮೇಲಿನ ದಾಳಿ ಎಂದು ಕರೆಯಿತು. ಕನ್ನಡ ಪತ್ರಿಕೆಗಳು ಬಹುಕಾಲ ಬಳಸಿದ 'ಮಾನಭಂಗ'ದಲ್ಲಿರುವುದೂ ಇದೇ ದೃಷ್ಟಿ: ನೋವು ಹೆಣ್ಣಿನದು, ನಷ್ಟ ಮಾತ್ರ ಮನೆತನದ್ದು. ಅರುಷಾದಲ್ಲಿದ್ದ ರುವಾಂಡಾ ನ್ಯಾಯಮಂಡಳಿಯ ಅಕಯೇಸು ತೀರ್ಪು (2 ಸೆಪ್ಟೆಂಬರ್ 1998) ಅತ್ಯಾಚಾರ ಜನಾಂಗಹತ್ಯೆಯ ಕೃತ್ಯವೂ ಆಗಬಲ್ಲದು ಎಂದಾಗ ಆ ದೃಷ್ಟಿ ಮುರಿಯಿತು. ಫೆಬ್ರವರಿ 2001ರಲ್ಲಿ ಯುಗೊಸ್ಲಾವಿಯಾ ನ್ಯಾಯಮಂಡಳಿ ಬೋಸ್ನಿಯಾದ ಫೋಚಾ ಪ್ರಕರಣದಲ್ಲಿ ಹೆಂಗಸರನ್ನು ಗುಲಾಮರನ್ನಾಗಿ ಇಟ್ಟುಕೊಂಡದ್ದನ್ನು ಮಾನವತೆಯ ವಿರುದ್ಧದ ಅಪರಾಧವೆಂದಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ರೋಮ್ ಶಾಸನಕ್ಕೆ ಮತ ಹಾಕದೆ ತಟಸ್ಥವಾಗಿ ಉಳಿದ 21 ದೇಶಗಳಲ್ಲಿ ಭಾರತವೂ ಒಂದು. ಇಂದಿಗೂ ಅದು ಸಹಿ ಹಾಕಿಲ್ಲ.

ಎರಡು ಟೋಕಿಯೊಗಳು

ಬೆಂಗಳೂರಿನಲ್ಲಿ 1975ರಲ್ಲಿ ಸೀಡ್ಸ್ ಕಲೆಕ್ಟಿವ್, 1979ರಲ್ಲಿ ಅದರ ಒಡಲಿನಿಂದ ವಿಮೋಚನಾ ಎಂಬ ಮಹಿಳಾ ಸಂಘಟನೆ ಹುಟ್ಟಿದವು. ವಿಮೋಚನಾದ ಮೊದಲ ಕೆಲಸ ಊರಿನೊಳಗಿನದು: ವರದಕ್ಷಿಣೆ ಸಾವುಗಳು, ಆಸ್ಪತ್ರೆಯ ಸುಟ್ಟಗಾಯದ ವಾರ್ಡು, 'ಸ್ಟವ್ ಸಿಡಿದು' ಎಂದು ಮುಚ್ಚಿಹೋಗುವ ಪೊಲೀಸ್ ಕಡತಗಳು. ಸಾಯುವ ಹೆಂಗಸಿನ ಹೇಳಿಕೆ ಹೇಗೆ ಬದಲಾಗುತ್ತದೆ, ಯಾರ ಮಾತು ಸಾಕ್ಷ್ಯವಾಗುತ್ತದೆ, ಯಾರದು ಆಗುವುದಿಲ್ಲ ಎಂಬ ಅರಿವು ಅಲ್ಲಿ ದಕ್ಕಿತು. ಈ ಬಳಗದ ಕೊರಿನ್ ಕುಮಾರ್ ಬೆಂಗಳೂರು ಮತ್ತು ಮನಿಲಾಗಳಿಂದ ಕೆಲಸ ಮಾಡುತ್ತಿದ್ದ ಏಷ್ಯಾ ಮಹಿಳಾ ಮಾನವಹಕ್ಕು ಮಂಡಳಿಯ ಮುಂಚೂಣಿಯಲ್ಲಿದ್ದರು. 'ಮಹಿಳಾ ನ್ಯಾಯಾಲಯ'ಗಳ ಕಲ್ಪನೆ ರೂಪ ಪಡೆದದ್ದು ಅವರಿಂದ. ಈ ನ್ಯಾಯಾಲಯಗಳಿಗೆ ಸಮನ್ಸ್ ಕಳಿಸುವ ಅಧಿಕಾರವಿಲ್ಲ, ಜೈಲಿಗೆ ಕಳಿಸುವುದೂ ಇಲ್ಲ. ಅನುಭವಿಸಿದ ಹೆಣ್ಣು ಮೊದಲು ಮಾತಾಡುತ್ತಾಳೆ. ತಜ್ಞರು ಆ ಮಾತಿನ ರಾಜಕೀಯ ಸಂದರ್ಭವನ್ನು ಬಿಡಿಸಿಡುತ್ತಾರೆ. ಹಾಡು, ನೃತ್ಯ, ಚಿತ್ರಗಳೂ ಸಾಕ್ಷ್ಯದ ಭಾಗ. ಕೊನೆಗೆ ವಿವೇಕಿಗಳ ಜೂರಿಯೊಂದು ತನ್ನ ಅಭಿಪ್ರಾಯ ಹೇಳುತ್ತದೆ. ಮೊದಲನೆಯದು, ಮನೆಯೊಳಗಿನ ಹಿಂಸೆಯ ಬಗ್ಗೆ, 1993ರಲ್ಲಿ ಲಾಹೋರಿನಲ್ಲಿ ನಡೆಯಿತು.

ಇದರ ಬೆನ್ನಿಗೇ 1994ರಲ್ಲಿ ಟೋಕಿಯೊದಲ್ಲಿ ಹೆಣ್ಣುಮಕ್ಕಳ ಸಾಗಣೆ ಮತ್ತು ಏಷ್ಯಾದ ಹೆಂಗಸರ ಮೇಲಿನ ಯುದ್ಧಾಪರಾಧಗಳ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಯಿತು. ಅದಕ್ಕೆ ಸಮಯ ಕೂಡಿಬಂದಿತ್ತು. ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ತುತ್ತಾಗಿದ್ದ ಕೊರಿಯಾದ ಕಿಮ್ ಹಾಕ್ ಸುನ್ 14 ಆಗಸ್ಟ್ 1991ರಂದು, ಫಿಲಿಪೀನ್ಸಿನ ಮರಿಯಾ ರೋಸಾ ಹೆನ್ಸನ್ 1992ರ ಸೆಪ್ಟೆಂಬರಿನಲ್ಲಿ, ಅರ್ಧ ಶತಮಾನದ ಮೌನ ಒಡೆದು ಹೆಸರು ಮುಖ ಸಹಿತ ಮುಂದೆ ಬಂದಿದ್ದರು. ಫಿಲಿಪೀನ್ಸಿನ ಹೆಂಗಸರನ್ನು ಸಂಘಟಿಸಿದವರಲ್ಲಿ ಮಂಡಳಿಯ ಮನಿಲಾ ಕಚೇರಿಯ ನೆಲಿಯಾ ಸಾಂಚೊ ಪ್ರಮುಖರು. ಲಾಹೋರ್ ಮತ್ತು ಟೋಕಿಯೊಗಳನ್ನು ಒಟ್ಟಿಗಿಟ್ಟು ನೋಡಿದರೆ ಬೆಂಗಳೂರಿನ ಕೊಡುಗೆ ಸ್ಪಷ್ಟವಾಗುತ್ತದೆ: ಅಡುಗೆಮನೆಯ ಹಿಂಸೆ, ಸೇನಾ ಬಿಡಾರದ ಹಿಂಸೆ ಎರಡನ್ನೂ ಒಂದೇ ವಿಚಾರಣಾ ಪದ್ಧತಿಯಡಿ ತಂದದ್ದು.

2000ದ ಡಿಸೆಂಬರ್ 8ರಿಂದ 12ರವರೆಗೆ ನಡೆದ ಟೋಕಿಯೊ ಮಹಿಳಾ ನ್ಯಾಯಮಂಡಳಿ ಬೇರೆಯೇ ಜಾತಿಯದು. ಜಪಾನಿನ ಮತ್ಸುಯಿ ಯಾಯೋರಿ ಅವರ ಬಳಗ, ಕೊರಿಯಾ ಮತ್ತು ಫಿಲಿಪೀನ್ಸ್ ಸಂಘಟನೆಗಳು ಅದನ್ನು ಕರೆದವು. ಅಲ್ಲಿ ಪ್ರಾಸಿಕ್ಯೂಟರುಗಳಿದ್ದರು, ಆರೋಪಪಟ್ಟಿ ಇತ್ತು, ಯುಗೊಸ್ಲಾವಿಯಾ ನ್ಯಾಯಮಂಡಳಿಯ ಮಾಜಿ ಅಧ್ಯಕ್ಷೆ ಗೇಬ್ರಿಯಲ್ ಕರ್ಕ್ ಮೆಕ್‌ಡೊನಾಲ್ಡ್ ಪೀಠದಲ್ಲಿದ್ದರು. ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರೂ ಪೀಠದಲ್ಲಿ ಇರಬೇಕಿತ್ತು, ಅನಾರೋಗ್ಯದಿಂದ ಬರಲಾಗಲಿಲ್ಲ. 2001ರ ಡಿಸೆಂಬರ್ 4ರಂದು ಹೇಗ್‌ನಲ್ಲಿ ಓದಿದ ಅಂತಿಮ ತೀರ್ಪು ಚಕ್ರವರ್ತಿ ಹಿರೊಹಿಟೊ ಅವರನ್ನೂ ಹೊಣೆಯಾಗಿಸಿತು. ಕಿಮ್ ಮತ್ತು ಹೆನ್ಸನ್ ಇಬ್ಬರೂ 1997ರಲ್ಲೇ ತೀರಿಕೊಂಡಿದ್ದರು. ಆ ಇಬ್ಬರ ಬದುಕಿನ ಕಾಲಕ್ಕೆ ಒದಗಿದ್ದು ಮೊದಲ ಟೋಕಿಯೊ ಮಾತ್ರ. ತೀರ್ಪು ಬಂದದ್ದನ್ನಷ್ಟೇ ಚರಿತ್ರೆಯ ತಿರುವು ಎಂದು ಎಣಿಸುವ ಲೇಖಕರು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಅನ್ಯಾಯವೇ ಸರಿ.

ಎಷ್ಟು ಹೆಂಗಸರು ಕಂಫರ್ಟ್ ಸ್ಟೇಷನ್ ವ್ಯವಸ್ಥೆಗೆ ಬಲಿಯಾದರು ಎಂಬುದು ಇಂದಿಗೂ ವಿವಾದದ ಪ್ರಶ್ನೆ. ಇತಿಹಾಸಕಾರ ಹಾತಾ ಇಕುಹಿಕೊ ಅವರ ಲೆಕ್ಕ ಸುಮಾರು 20,000. ಹೆಚ್ಚಾಗಿ ಉಲ್ಲೇಖವಾಗುವ ಸಂಖ್ಯೆ 2,00,000. ಸೋಲಿನ ಹೊತ್ತಿಗೆ ಜಪಾನಿ ಸೇನೆ ತನ್ನ ಕಡತಗಳನ್ನು ಸುಟ್ಟಿತೆಂಬುದನ್ನು ಮರೆತು ಈ ಅಂತರವನ್ನು ಅಳೆಯಲಾಗದು.

ಕೇಪ್‌ಟೌನ್, ಸರಾಯೆವೊ

ಜೆರುಸಲೇಮಿನಲ್ಲಿ 1988ರಲ್ಲಿ ಆರಂಭವಾದ 'ವಿಮೆನ್ ಇನ್ ಬ್ಲ್ಯಾಕ್' ಮೌನ ಪ್ರತಿಭಟನೆಯನ್ನು ವಿಮೋಚನಾ 1990ರ ದಶಕದಲ್ಲಿ ಬೆಂಗಳೂರಿಗೆ ತಂದಿತು. ಕಪ್ಪುಡುಗೆಯ ಹೆಂಗಸರು ರಸ್ತೆ ಬದಿಯಲ್ಲಿ ಫಲಕ ಹಿಡಿದು ಮಾತಿಲ್ಲದೆ ನಿಲ್ಲುತ್ತಿದ್ದರು. 2001ರ ಮಾರ್ಚ್ 8ರಂದು ಕೇಪ್‌ಟೌನಿನಲ್ಲಿ ಯುದ್ಧದ ವಿರುದ್ಧ ವಿಶ್ವ ಮಹಿಳಾ ನ್ಯಾಯಾಲಯ ನಡೆಯಿತು. 2009ರ ಜುಲೈನಲ್ಲಿ ಬೆಂಗಳೂರಿನಲ್ಲಿ ವರದಕ್ಷಿಣೆ ಕುರಿತ ಭಾರತ ಮಹಿಳಾ ನ್ಯಾಯಾಲಯ ಸೇರಿತು. ಹಿಂದಿನ ಯುಗೊಸ್ಲಾವಿಯಾದ ಯುದ್ಧಗಳಲ್ಲಿ ಬದುಕುಳಿದವರು 2015ರ ಮೇ 7ರಿಂದ 10ರವರೆಗೆ ಸರಾಯೆವೊದಲ್ಲಿ ತಮ್ಮದೇ ಮಹಿಳಾ ನ್ಯಾಯಾಲಯ ನಡೆಸಿದರು. ಯುಗೊಸ್ಲಾವಿಯಾ ನ್ಯಾಯಮಂಡಳಿಯ ತೀರ್ಪುಗಳು ಬಂದ ಮೇಲೂ ಅವರಿಗೆ ಅದು ಬೇಕೆನಿಸಿತು. ಏಕೆಂದರೆ ಅಧಿಕೃತ ಕೋರ್ಟಿನಲ್ಲಿ ಸಾಕ್ಷಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಬೇಕು, ತಾನು ಹೇಳಬೇಕೆಂದದ್ದನ್ನು ಹೇಳುವ ಹಾಗಿಲ್ಲ.

ಮ್ಯಾನ್ಮಾರ್ ಮತ್ತು ಮಾರತ್ತಹಳ್ಳಿ

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್ ಸೇನೆಯ ದಾಳಿಗೆ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದರು. ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ ಸದಸ್ಯೆಯಾಗಿದ್ದ ವಿಶ್ವಸಂಸ್ಥೆಯ ಸತ್ಯಶೋಧನಾ ಸಮಿತಿ ಸಾಮೂಹಿಕ ಅತ್ಯಾಚಾರವನ್ನು ಸೇನೆ ತಂತ್ರವಾಗಿ ಬಳಸಿತೆಂದು ದಾಖಲಿಸಿತು. 1996ರಲ್ಲಿ ಜಪಾನಿನ ಲೈಂಗಿಕ ಗುಲಾಮಗಿರಿಯ ಬಗ್ಗೆ ವಿಶ್ವಸಂಸ್ಥೆಗೆ ವರದಿ ಕೊಟ್ಟವರೂ ಅವರೇ. 2019ರ ನವೆಂಬರ್ 11ರಂದು ಗ್ಯಾಂಬಿಯಾ ಮ್ಯಾನ್ಮಾರ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಎರಡು ದಿನ ಕಳೆದು ಅರ್ಜೆಂಟೀನಾದಲ್ಲಿ, ಅಪರಾಧ ಎಲ್ಲಿ ನಡೆದರೂ ವಿಚಾರಿಸಬಹುದೆಂಬ ತತ್ತ್ವದ ಮೇಲೆ ಇನ್ನೊಂದು ದೂರು ದಾಖಲಾಯಿತು.

ಅದೇ ಚಳಿಗಾಲದಲ್ಲಿ, 2020ರ ಜನವರಿಯಲ್ಲಿ, ಮಾರತ್ತಹಳ್ಳಿ ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆ ಎಂಬ ಮಾತಿನ ಮೇಲೆ ಶೆಡ್ಡುಗಳನ್ನು ಜೆಸಿಬಿಯಿಂದ ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕ, ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದ ಕೂಲಿಕಾರರು, ಮನೆಗೆಲಸದವರು ಇದ್ದರು. ಮಾನವಹಕ್ಕು ಸಂಘಟನೆ ಪಿಯುಸಿಎಲ್‌ನ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಹೈಕೋರ್ಟ್ ಪೀಠ ಫೆಬ್ರವರಿಯಲ್ಲಿ ಆ ತೆರವು ಕಾನೂನಿಗೆ ವಿರುದ್ಧವೆಂದು ಹೇಳಿ, ಮನೆ ಕಳೆದುಕೊಂಡವರ ಪುನರ್ವಸತಿಗೆ ಸೂಚಿಸಿತು. ಆ ಪ್ರಕರಣ ರೋಹಿಂಗ್ಯಾಗಳದ್ದಲ್ಲ, ಅದನ್ನು ಹಾಗೆ ಉಲ್ಲೇಖಿಸುವುದು ತಪ್ಪು. ಆದರೆ ನಿಜವಾದ ನಿರಾಶ್ರಿತೆಗೆ ಅದರಿಂದ ಸಿಕ್ಕ ಸಂದೇಶ ಬೇರೆ: ಕನ್ನಡ ಮಾತಾಡುವ ರಾಯಚೂರಿನವನ ಗುರುತೇ ಪ್ರಶ್ನೆಗೆ ಒಳಗಾಗುವ ಊರಿನಲ್ಲಿ, ತಾನು ಯಾರು, ತನಗೇನಾಯಿತು ಎಂದು ಅವಳು ಯಾರೆದುರು ಹೇಳಬೇಕು?

ಸಂಖ್ಯೆಗಳಲ್ಲೂ ಎರಡು ಮಾತುಗಳಿವೆ. ರೋಹಿಂಗ್ಯಾಗಳ ಗಡಿಪಾರು ಕೋರಿದ ಅರ್ಜಿಯಲ್ಲಿ ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ಮೊದಲು ಕೊಟ್ಟ ಪ್ರಮಾಣಪತ್ರ ಬೆಂಗಳೂರಿನಲ್ಲಿ 72 ಜನರನ್ನು ಗುರುತಿಸಿ, ತಕ್ಷಣ ಹೊರಹಾಕುವ ಯೋಜನೆಯಿಲ್ಲ ಎಂದಿತ್ತು. ಕೆಲವೇ ದಿನಗಳಲ್ಲಿ ಬಂದ ಪರಿಷ್ಕೃತ ಪತ್ರದಲ್ಲಿ ರಾಜ್ಯದಲ್ಲಿ 126 ಜನರಿದ್ದಾರೆಂದು ಹೇಳಿ, ಕೋರ್ಟಿನ ಆದೇಶಕ್ಕೆ ಬದ್ಧವೆಂದಷ್ಟೇ ಬರೆಯಲಾಯಿತು. ಒಂದು ನಗರದ ಲೆಕ್ಕ, ಇನ್ನೊಂದು ರಾಜ್ಯದ್ದು. ಇವನ್ನು ಏರಿಕೆ ಎಂದು ಓದಬಾರದು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ. ಇಲ್ಲಿನ ರೋಹಿಂಗ್ಯಾಗಳ ಕೈಯಲ್ಲಿರುವ ವಿಶ್ವಸಂಸ್ಥೆಯ ಕಾರ್ಡು ಗಡಿ ದಾಟಿ ಸಾಕ್ಷ್ಯ ನುಡಿಯಲು ಪಾಸ್‌ಪೋರ್ಟಿನ ಕೆಲಸ ಮಾಡುವುದಿಲ್ಲ. ಅರ್ಜೆಂಟೀನಾದ ಮೊಕದ್ದಮೆಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿದ್ದ ರೋಹಿಂಗ್ಯಾ ಹೆಂಗಸರು 2021ರಲ್ಲಿ ವಿಡಿಯೊ ಮೂಲಕ ಮಾತಾಡಿದರು. 2023ರಲ್ಲಿ ಬದುಕುಳಿದವರು ಬ್ಯೂನಸ್ ಐರಿಸ್‌ಗೆ ಖುದ್ದು ಹೋಗಿ ಸಾಕ್ಷ್ಯ ನುಡಿದರು. 2025ರ ಫೆಬ್ರವರಿಯಲ್ಲಿ ಆ ಕೋರ್ಟು ಮ್ಯಾನ್ಮಾರಿನ ಅಂದಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಸೇರಿದಂತೆ ಹಲವರ ಬಂಧನಕ್ಕೆ ಆದೇಶಿಸಿತು. ಗ್ಯಾಂಬಿಯಾ ಹೂಡಿದ ದಾವೆಯ ಮುಖ್ಯ ವಾದಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯ 2026ರ ಜನವರಿ 12ರಿಂದ 29ರವರೆಗೆ ದಿನ ಗೊತ್ತುಮಾಡಿತು.