ಮತ್ತೆ ಮಣ್ಣಾಗುವ ಗೋಡೆ

ವಿಮಾನದ ಬಿಡಿಭಾಗಗಳಲ್ಲಿ ಉಳಿದ ಕಾರ್ಬನ್ ನಾರನ್ನು ಹೊರತೆಗೆದು ಮತ್ತೆ ಬಳಸುವುದು ಇಂದಿನ ದೊಡ್ಡ ಸವಾಲು. ಆದರೆ ತೊಡಕಿರುವುದು ನಾರಿನಲ್ಲಲ್ಲ, ಅದನ್ನು ಹಿಡಿದಿಟ್ಟ ಅಂಟಿನಲ್ಲಿ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಅಂಟು ಕಾಯಿಸಿದರೂ ಕರಗದು. ಸಾಮಾನ್ಯವಾಗಿ ಗಾಳಿಯಾಡದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಿ ಅಂಟನ್ನು ಕಳೆದರೆ ನಾರು ಸಿಗುತ್ತದೆ, ಅದೂ ಬಹುಪಾಲು ತುಂಡುತುಂಡಾಗಿ. ಹೀಗೆಯೇ ಅಂಟು-ನಾರು ಸೇರಿದ ರಾಯಚೂರು ಸೀಮೆಯ ಮಣ್ಣಿನ ಗೋಡೆ ಈ ತೊಡಕಿಗೇ ಸಿಲುಕಲಿಲ್ಲ. ದೇವದುರ್ಗ, ಮಾನ್ವಿ ಕಡೆಯ ಹಳೆಯ ಮಾಳಿಗೆ ಮನೆಗಳ ಗೋಡೆಗೆ ಮಣ್ಣು, ಹೊಟ್ಟು, ನೀರು ಬೆರೆಸಿ ಕೊಳೆಹಾಕಿ, ತುಳಿದು ಹದ ಮಾಡುತ್ತಿದ್ದರು. ಒಣಗುವಾಗ ಮಣ್ಣು ಕುಗ್ಗಿ ಬಿರಿಯುತ್ತದೆ. ಚೂರು ಹೊಟ್ಟು ಆ ದೊಡ್ಡ ಬಿರುಕನ್ನು ಕೂದಲೆಳೆಯಷ್ಟು ಸಣ್ಣ ಬಿರುಕುಗಳಾಗಿ ಹಂಚಿಬಿಡುತ್ತದೆ. ನಾರು ಉದ್ದವಿರಬೇಕಿಲ್ಲ. ಕಣದಲ್ಲಿ ಉಳಿದ ಕಸವೇ ಸಾಕು. ಗೋಡೆ ಬಿದ್ದರೆ ಅದೇ ಮಣ್ಣನ್ನು ನೆನೆಸಿ ಮತ್ತೆ ಕಟ್ಟಬಹುದು. ಈ ತಿಳಿವು ತೀರ ಹಳೆಯದು. ತುಂಗಭದ್ರೆಯಾಚೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1960ರ ದಶಕದಲ್ಲಿ ಅಗೆದಾಗ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆ ಸಿಕ್ಕಿತು. ಅವುಗಳ ಗೋಡೆ ತಡಿಕೆಗೆ ಮೆತ್ತಿದ ಮಣ್ಣಿನದು.

ಮಣ್ಣಿಗೂ ಕಾರ್ಬನ್ನಿಗೂ ಎತ್ತಣ ಹೋಲಿಕೆ ಎನ್ನಬಹುದು. ಬಲದಲ್ಲಿ ಹೋಲಿಕೆಯೇ ಇಲ್ಲ, ಒಪ್ಪಿದೆ. ನಾನು ಹೋಲಿಸುತ್ತಿರುವುದು ಅಂಟಿನ ಆಯ್ಕೆಯನ್ನು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಬಿಚ್ಚಿಕೊಳ್ಳುವ ಅಂಟು ಬೇಡದ ಹೊತ್ತಿನಲ್ಲೂ ಬಿಚ್ಚಿಕೊಳ್ಳುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆ-ನೆರೆಯಲ್ಲಿ ರಾಯಚೂರು ಜಿಲ್ಲೆಯ ಮಣ್ಣಿನ ಮನೆಗಳು ಕುಸಿದದ್ದನ್ನು ಮರೆತು ಹಳೆಯದನ್ನು ಹೊಗಳುವುದು ಅನ್ಯಾಯ. ಆ ಜನ ಸಿಮೆಂಟಿನ ಸೂರು ಬಯಸಿದ್ದು ಸರಿಯೇ. ಇದೇ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ 1985ರಿಂದ ವಿದ್ಯುತ್ತಿನ ಜೊತೆಗೇ ಹುಟ್ಟುತ್ತಿರುವ ಹಾರುಬೂದಿಯೂ ಸುಣ್ಣ ಅಥವಾ ಸಿಮೆಂಟಿನೊಡನೆ ಸೇರಿ ಮಳೆಗೆ ಜಗ್ಗದ ಇಟ್ಟಿಗೆಯಾಗುತ್ತದೆ. ತ್ಯಾಜ್ಯದ ಸದ್ಬಳಕೆ ಇದು, ನಿಜ. ಆದರೆ ಆ ಇಟ್ಟಿಗೆ ಒಡೆದರೆ ಜಲ್ಲಿಯಾದೀತೇ ಹೊರತು ಮತ್ತೆ ಹಸಿ ಗಾರೆಯಾಗದು. ಎಪಾಕ್ಸಿಯ ಕಥೆಯೂ ಇದೇ.

ಹಾಗಾದರೆ ಬೇಕಿರುವುದು ಮಳೆಗೆ ಬಿಡದ, ನಾವು ಬಿಡಿಸಿದಾಗ ಮಾತ್ರ ಬಿಡುವ ಅಂಟು. ಅದು ಬರೀ ಆಸೆಯಲ್ಲ: ಸೀಮೆನ್ಸ್ ಗಮೇಸಾ ಕಂಪನಿ 2021ರಲ್ಲಿ ಪ್ರಕಟಿಸಿದ ಗಾಳಿಯಂತ್ರದ ಅಲಗಿನ ರಾಳ ಸೌಮ್ಯ ಆಮ್ಲದಲ್ಲಿ ಬಿಚ್ಚಿಕೊಳ್ಳುತ್ತದೆ. ನಾರನ್ನು ಮರಳಿ ಪಡೆಯುವ ಕೆಲಸ ಕುಲುಮೆಯಲ್ಲಿ ಅಲ್ಲ, ಅಂಟು ಕಲಸುವ ದಿನವೇ ಶುರುವಾಗಬೇಕು.