ಇತ್ಸಿಂಗ್ ಕಂಡ ನಾಲಂದಾ

ಪಿಎಚ್.ಡಿ.ಗೆಂದು ಹೊರದೇಶಕ್ಕೆ ಬಂದ ಮೊದಲ ವಾರ ಅಮ್ಮನಿಗೆ ಫೋನಿನಲ್ಲಿ ನಾನು ಹೇಳಿದ್ದೆಲ್ಲ ಊಟ, ಬಚ್ಚಲುಮನೆಯ ಸಂಗತಿ. ಚೀನಾದ ಭಿಕ್ಷು ಇತ್ಸಿಂಗ್ ಕೂಡ ಅಂಥದ್ದನ್ನೇ ಗಮನಿಸಿದ್ದ.

ಕ್ರಿ.ಶ. 671ರಲ್ಲಿ ಹಡಗು ಹತ್ತಿದ ಅವನು ಸುಮಾತ್ರಾದ ಶ್ರೀವಿಜಯದಲ್ಲಿ ಆರು ತಿಂಗಳು ಸಂಸ್ಕೃತ ವ್ಯಾಕರಣ ಕಲಿತು, 673ರಲ್ಲಿ ಬಂಗಾಳದ ತಾಮ್ರಲಿಪ್ತಿಯಲ್ಲಿ ಇಳಿದ. ನಾಲಂದಾದಲ್ಲಿ ಸುಮಾರು ಹತ್ತು ವರ್ಷ ಓದಿದ. ಅವನ ಬರಹದ ತುಂಬ ನಿತ್ಯದ ವಿವರಗಳು: ಊಟಕ್ಕೆ ಮುನ್ನ ಕೈಕಾಲು ತೊಳೆದು ಕುಳ್ಳ ಪೀಠಗಳ ಮೇಲೆ ಬಿಡಿಬಿಡಿಯಾಗಿ ಕೂರುವುದು, ಬೆಳಿಗ್ಗೆ ಹಲ್ಲುಕಡ್ಡಿ ಜಗಿಯುವುದು, ಕುಡಿಯುವ ನೀರಿಗೇ ಬೇರೆ ಪಾತ್ರೆ, ಹೊತ್ತು ತಿಳಿಸುವ ಜಲಗಡಿಯಾರ.

ತನ್ನ ನಾಡಿನ ಭಿಕ್ಷುಗಳು ವಿನಯದ ನಿಯಮಗಳನ್ನು ತಪ್ಪಾಗಿ ಪಾಲಿಸುತ್ತಿದ್ದಾರೆಂಬ ಕೊರಗು ಅವನದು. ಅವರನ್ನು ತಿದ್ದಲೆಂದೇ ಬರೆದ. ಆದ್ದರಿಂದ ಅವನ ಹೊಗಳಿಕೆಯನ್ನು ತುಸು ಎಚ್ಚರದಿಂದಲೇ ಓದಬೇಕು. ಆದರೂ ಇಲ್ಲಿನವರು ಬರೆದಿಡದಷ್ಟು ಮಾಮೂಲಾಗಿದ್ದ ಬದುಕು ಇಂದು ನಮಗೆ ಸಿಗುವುದು ಆ ಪರದೇಶಿ ವಿದ್ಯಾರ್ಥಿಯ ಬೆರಗಿನಿಂದ.